ಡೊಂಬಿವಲಿಯ ಹೆಸರು ಹೊತ್ತ ಸಂಖ್ಯೆ

ಪ್ರಶ್ನೆ: 12345678987654321 ಎಂಬ ಸಂಖ್ಯೆಗೂ ನಮ್ಮ ಡೊಂಬಿವಲಿಗೂ ನಂಟಿದೆಯಂತೆ, ನಿಜವೇ? ಈ ಸಂಖ್ಯೆ ಯಾವ ಜಾತಿಗೆ ಸೇರಿದ್ದು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜ. ಆ ನಂಟು ಬೆಸೆದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಆಗಿನ ಠಾಣೆ ಜಿಲ್ಲೆಯ ಡಹಾಣೂವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಹೈಸ್ಕೂಲು ಓದಿ, ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಮೇಷ್ಟರಾಗಿ ಬಾಳಿದವರು. ಜಿಐಪಿ ರೈಲ್ವೆಯ ಕಾಲದಲ್ಲಿ, 1923ರಲ್ಲಿ, ಡೊಂಬಿವಲಿ ನಿಲ್ದಾಣದಲ್ಲಿ ರೈಲು ಬದಲಿಸುವಾಗ ಅವರಿಗೆ ಇಂಥ ಸಂಖ್ಯೆಗಳ ಯೋಚನೆ ಹೊಳೆಯಿತು. ನಿಲ್ದಾಣಕ್ಕೆ ಆಗಿದ್ದ ‘ಡೆಮ್ಲೊ’ ಎಂಬ ಹೆಸರನ್ನೇ ಅವುಗಳಿಗೂ ಇಟ್ಟರು.

ಡೆಮ್ಲೊ ಸಂಖ್ಯೆಯ ಗುರುತು ಇಷ್ಟೇ: ಎಡ ತುದಿ, ಬಲ ತುದಿ ಕೂಡಿಸಿದರೆ ನಡುವಿನ ಅಂಕಿಯೇ ಬರಬೇಕು. 165ರಲ್ಲಿ 1ಕ್ಕೆ 5 ಕೂಡಿದರೆ 6. 47773ರಲ್ಲಿ 4ಕ್ಕೆ 3 ಕೂಡಿದರೆ 7. ನೀವು ಕೇಳಿದ ಸಂಖ್ಯೆಯಲ್ಲಿ ನಡುವಿನ 9 ಬಿಟ್ಟು ಎಡದ 12345678ಕ್ಕೆ ಬಲದ 87654321 ಕೂಡಿಸಿ ನೋಡಿ: 99999999, ಬರೀ ಒಂಬತ್ತುಗಳು! ಇದು 111111111ರ ವರ್ಗ. ಒಂಬತ್ತು ಒಂದುಗಳವರೆಗೆ ಈ ಏರಿಳಿತ ಕೆಡುವುದಿಲ್ಲ. ಹತ್ತು ಒಂದುಗಳ ವರ್ಗ ಮಾಡಿದರೆ ನಡುವೆ ದಶಕ ಉಳಿದು 1234567900987654321 ಆಗಿಬಿಡುತ್ತದೆ.

ಕಾಪ್ರೇಕರರೇ ಹೆಸರಿಟ್ಟ ಇನ್ನೊಂದು ಜಾತಿ ‘ಹರ್ಷದ’ ಸಂಖ್ಯೆ, ಅಂದರೆ ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವುದು. ನಿಮ್ಮ ಸಂಖ್ಯೆ ಅದೂ ಹೌದು. ಅಂಕಿಗಳ ಮೊತ್ತ 81, ಭಾಗಿಸಿದರೆ 152415789971041. ಅದು ಮತ್ತೆ 12345679ರ ವರ್ಗ.

ಆದರೆ ಇವೆಲ್ಲ ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಬಂದ ಗುಣಗಳು. ಹೀಗಾಗಿಯೇ ಅನೇಕ ಪಂಡಿತರು ಕಾಪ್ರೇಕರರ ಕೆಲಸವನ್ನು ಬರಿಯ ಆಟವೆಂದು ತಳ್ಳಿಹಾಕಿದರು. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅಂಕಿಗಳ ಜೊತೆಗಿನ ಸಲಿಗೆ ಇಲ್ಲಿಂದಲೇ ಶುರುವಾಗುತ್ತದೆ. ಹೇಗೆ ಬರೆದರೂ ಬದಲಾಗದ ಹುಟ್ಟುಗುಣ ಬೇಕೆಂದರೆ ಅಪವರ್ತನಗಳನ್ನು ನೋಡಬೇಕು. 111111111 ಎಂದರೆ 3 × 3 × 37 × 333667. ಅದರ ವರ್ಗವಾದ್ದರಿಂದ ನಿಮ್ಮ ಸಂಖ್ಯೆಯಲ್ಲಿ 3 ನಾಲ್ಕು ಸಲ, ಮಿಕ್ಕೆರಡು ಅವಿಭಾಜ್ಯಗಳು ಎರಡೆರಡು ಸಲ ಬರುತ್ತವೆ. ಒಟ್ಟು ಭಾಜಕಗಳು 45. ವರ್ಗಸಂಖ್ಯೆಗಳಿಗೆ ಮಾತ್ರ ಭಾಜಕಗಳ ಎಣಿಕೆ ಹೀಗೆ ಬೆಸವಾಗಿರುತ್ತದೆ.

ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಇದೇ ಸಾಲಿನ 12345654321 ಎಂಬ ಕಿರಿಯ ಸಂಖ್ಯೆಯನ್ನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ತಂದಿದ್ದಾರೆ. ಒಂದರಿಂದ ಆರಕ್ಕೆ ಏರಿ ಮತ್ತೆ ಇಳಿಯುವ ಸಂಖ್ಯೆ ಎಂದು ಅದನ್ನು ವರ್ಣಿಸಿದ್ದಾರೆ. ಹೀಗೆ ಹಿಂದುಮುಂದಾಗಿ ಒಂದೇ ಬಗೆಯಲ್ಲಿ ಕಾಣುವ ಗುಣಲಬ್ಧಗಳನ್ನು ಅವರು ಕೊರಳಹಾರವೆಂದು ಕಂಡವರು. ಮನೆಯ ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು 27994681ನ್ನು 441ರಿಂದ ಗುಣಿಸಲು ಹೇಳಿ. ಮೊಬೈಲು ಬೇಡ.