ಸರಾಸರಿಯ ಲೆಕ್ಕ ನಂಬಬೇಡ

ಮಗಾ, ಗ್ರೀನ್ ಕಾರ್ಡ್ ಬಂದ ಮೇಲೆ ಪಿಸ್ತೂಲು ಕೊಂಡಿದ್ದೀಯಂತೆ, ಈಗ ಗ್ಯಾರೇಜಿನಲ್ಲಿ ಪ್ರೆಸ್ ಕೂರಿಸಿ ತೋಟಾಗಳನ್ನು ನೀನೇ ತುಂಬಲು ಹೊರಟಿದ್ದೀಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ದೂರು ಹೇಳಿದನೋ ಹೆಮ್ಮೆಪಟ್ಟನೋ ಗೊತ್ತಾಗಲಿಲ್ಲ. ಈ ಓಹಾಯೋದಲ್ಲಿ ಕೂದಲು ಬೆಳ್ಳಗಾಗುವವರೆಗೂ ಅದೇ ಹುಚ್ಚಿನಲ್ಲಿದ್ದವನು ನಾನು, ಬೇಡ ಅನ್ನಲು ನನಗೆ ಬಾಯಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಜೊತೆ ಮನೆ ಹಂಚಿಕೊಂಡಿರುವ ಹುಡುಗರು ಇನ್ನೂ ಎಚ್-1ಬಿಯಲ್ಲಿದ್ದಾರೆ. ಅಂಥ ವೀಸಾದವರು ಬಂದೂಕನ್ನಷ್ಟೇ ಅಲ್ಲ, ಮದ್ದುಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಇಲ್ಲಿನ ಫೆಡರಲ್ ಕಾನೂನು. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಅದನ್ನು ಅವರು ವಕೀಲರ ಹತ್ತಿರ ಕೇಳಿಕೊಳ್ಳಲಿ. ನೀನು ಮಾಡಬೇಕಾದ್ದು ಇಷ್ಟು: ನಿನ್ನ ಕಪಾಟಿಗೆ ಬೀಗ ಹಾಕು, ಬೀಗದ ಕೈ ನಿನ್ನ ಹತ್ತಿರವೇ ಇರಲಿ.

ನೀನು ಕೇಳಿದ ಪ್ರಶ್ನೆ, ಮದ್ದು ಪ್ರತಿಸಲವೂ ಒಂದೇ ಸಮ ಬೀಳಬೇಕಾದರೆ ಯಾವ ಕಂಪನಿಯ ಪೌಡರ್ ಮೆಷರ್ ತಗೊಳ್ಳಲಿ ಅಂತ. ಯಾವುದಾದರೂ ತಗೋ ಮಾರಾಯ. ಹೆಸರಿರುವ ಕಂಪನಿಗಳ ಮೆಷರುಗಳೆಲ್ಲ ಸಾಕಷ್ಟು ಚೆನ್ನಾಗಿವೆ. ಹೆಚ್ಚುಕಮ್ಮಿ ಆಗುವುದು ಬಹುಪಾಲು ಕೈಯಿಂದ, ತಕ್ಕಡಿಯಿಂದ, ಆಮೇಲೆ ಲೆಕ್ಕ ಹಾಕುವ ರೀತಿಯಿಂದ.

ನಮ್ಮ ಮಲೆನಾಡಿನ ಕೇಪಿನ ಕೋವಿಯ ಕಾಲದಲ್ಲಿ ಮಸಿಯನ್ನು ಅಳತೆಯಿಂದ ಸುರಿದು ಗಿಡಿಯುತ್ತಿದ್ದರು. ಕಪ್ಪುಮದ್ದು ಒಂದಿಷ್ಟು ಸೈರಣೆಯದು, ಸ್ವಲ್ಪ ಆಚೀಚೆಯಾದರೂ ನಡೆಸಿಕೊಂಡು ಹೋಗುತ್ತದೆ. ಈಗಿನ ಹೊಗೆಯಿಲ್ಲದ ಮದ್ದಿಗೆ ಆ ಸೈರಣೆ ಇಲ್ಲ. ಇಲ್ಲಿ ತೂಕವೆಲ್ಲ ಗ್ರೇನ್ ಲೆಕ್ಕ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ನಿಮ್ಮಜ್ಜಿ ಚಿನ್ನ ತೂಗಿಸುತ್ತಿದ್ದ ತೊಲ ಇದೆಯಲ್ಲ, ಅದನ್ನು ಬ್ರಿಟಿಷರು ಗೊತ್ತುಮಾಡಿದ್ದು 180 ಗ್ರೇನಿಗೆ. ಅಕ್ಕಸಾಲಿಯ ಗುಲಗಂಜಿ ಎರಡು ಗ್ರೇನಿಗೆ ಚೂರು ಕಮ್ಮಿ. ಪಿಸ್ತೂಲಿನ ಒಂದು ತೋಟಾಕ್ಕೆ ಬೀಳುವ ಮದ್ದು ಎಷ್ಟೋ ಸಲ ಎರಡು ಮೂರು ಗುಲಗಂಜಿ ತೂಕದ್ದು, ಅಷ್ಟೇ. ಒಂದು ಪೌಂಡಿನ ಡಬ್ಬಿಯಲ್ಲಿ 7,000 ಗ್ರೇನ್ ಇರುತ್ತದೆ. ಐದೈದು ಗ್ರೇನಿನಂತೆ ಹಾಕಿದರೆ 1,400 ತೋಟಾ ಆಯಿತು. ನೀನು ಹಿಡಿತಕ್ಕೆ ತರಲು ಹೊರಟಿರುವುದು ಒಂದು ಗ್ರೇನಿನ ಹತ್ತರಲ್ಲಿ ಒಂದು ಪಾಲನ್ನು, ಅಂದರೆ ಆರೂವರೆ ಮಿಲಿಗ್ರಾಂ.

ಆದ್ದರಿಂದ ತಕ್ಕಡಿಯ ಮಾತು ಮೊದಲು. ಎಲೆಕ್ಟ್ರಾನಿಕ್ ಆದರೆ ಸ್ವಿಚ್ ಹಾಕಿದ ತಕ್ಷಣ ತೂಗಬೇಡ, ಅರ್ಧ ಗಂಟೆ ಕಾಯಲು ಬಿಡು. ಹೀಟರಿನ ಗಾಳಿ, ಫ್ಯಾನು, ಪಕ್ಕದಲ್ಲಿಟ್ಟ ಮೊಬೈಲು, ಇವೆಲ್ಲ ಅಂಕಿಯನ್ನು ಅಲುಗಿಸುತ್ತವೆ. ಪ್ರೆಸ್ ಇರುವ ಬೆಂಚಿನ ಮೇಲೆ ಇಡಬೇಡ, ಹಿಡಿಕೆ ಎಳೆದಾಗಲೆಲ್ಲ ಬೆಂಚು ನಡುಗುತ್ತದೆ. ಅಂಕಿಯ ಮೇಲೆ ಅನುಮಾನ ಬಂದರೆ ತಟ್ಟೆಯನ್ನು ಎತ್ತಿ ಮತ್ತೆ ಇಟ್ಟು ನೋಡು, ಎತ್ತಿದಾಗ ತೋರಿಸುವ ಅಂಕಿ ಪ್ರತಿಸಲವೂ ಒಂದೇ ಆಗಿರಬೇಕು. ತಕ್ಕಡಿಯ ಜೊತೆ ಕಂಪನಿಯವರು ಸಾಮಾನ್ಯವಾಗಿ 20 ಅಥವಾ 50 ಗ್ರಾಮಿನ ಬಟ್ಟು ಕೊಡುತ್ತಾರೆ. 50 ಗ್ರಾಂ ಅಂದರೆ ಸುಮಾರು 772 ಗ್ರೇನ್. ಅಲ್ಲಿ ಸರಿ ತೋರಿಸಿತೆಂದ ಮಾತ್ರಕ್ಕೆ ಐದು ಗ್ರೇನಿನಲ್ಲೂ ಸರಿ ತೋರಿಸುತ್ತದೆ ಅನ್ನುವ ಭರವಸೆ ಇಲ್ಲ. ನೀನು ಸುರಿಯುವ ತೂಕದ ಆಸುಪಾಸಿನ ಸಣ್ಣ ಬಟ್ಟುಗಳ ಸೆಟ್ ಸಿಗುತ್ತದೆ, ದುಬಾರಿ ಮೆಷರಿಗೆ ಮೊದಲು ಅದನ್ನು ತರಿಸು. ದಂಡದ ಹಳೇ ತಕ್ಕಡಿ ನನಗೆ ಇನ್ನೂ ಇಷ್ಟ. ಅದಕ್ಕೆ ಕರೆಂಟು ಬೇಡ, ಮುನಿಸು ಕಮ್ಮಿ. ಆದರೆ ಅದರ ದೊಡ್ಡ ಬಟ್ಟು ಒಂದು ಗೀರು ಪಕ್ಕಕ್ಕೆ ಜಾರಿದರೆ ತಕ್ಕಡಿ ಏನೂ ಹೇಳುವುದಿಲ್ಲ, ಸಮವಾಗಿ ನಿಂತುಬಿಡುತ್ತದೆ. ಕೂತಾಗಲೂ ಏಳುವಾಗಲೂ ಅದನ್ನು ಕಣ್ಣಿಟ್ಟು ನೋಡು.

ಇನ್ನು ಮೆಷರು. ಅದು ತೂಗುವುದಿಲ್ಲ, ಅಳೆಯುತ್ತದೆ, ನಮ್ಮೂರ ಸೇರಿನ ಹಾಗೆ. ಸೇರಿಗೆ ಸಾಸಿವೆ ಸುರಿದರೆ ಪ್ರತಿಸಲವೂ ಅಷ್ಟೇ ಹಿಡಿಯುತ್ತದೆ, ಅವಲಕ್ಕಿ ಸುರಿದರೆ ಒಂದು ಸಲ ಹಿಡಿದಷ್ಟು ಇನ್ನೊಂದು ಸಲ ಹಿಡಿಯುವುದಿಲ್ಲ. ಅಳೆಯುವವನು ಸೇರನ್ನು ಕುಟ್ಟಿದರೆ ಎರಡರದೂ ಲೆಕ್ಕ ಬದಲಾಗುತ್ತದೆ. ಮದ್ದಿನಲ್ಲೂ ಹಾಗೆಯೇ. ಸಣ್ಣ ದುಂಡು ಕಾಳಿನ ಎಚ್‌ಪಿ-38 ತರಹದ್ದು ಮೆಷರಿನಲ್ಲಿ ನೀರಿನಂತೆ ಇಳಿಯುತ್ತದೆ. ಬಿಲ್ಲೆಬಿಲ್ಲೆಯಾದ ಯುನೀಕ್ ಒಂದರ ಮೇಲೊಂದು ಅಡ್ಡ ಬಿದ್ದು ಸಿಕ್ಕಿಕೊಳ್ಳುತ್ತದೆ. ಯುನೀಕ್ ಕೆಟ್ಟ ಮದ್ದಲ್ಲ, ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಬಳಸುತ್ತಿದ್ದಾರೆ. ಹೊಸಬನಿಗೆ ಅದು ಬೇಡ ಅನ್ನುತ್ತೇನೆ, ಅಷ್ಟೇ.

ಮೆಷರಿನ ಮೇಲಿನ ಹಾಪರ್ ತುಂಬಿಸಿದ ಕೂಡಲೇ ಬೀಳುವ ಮದ್ದನ್ನು ನಂಬಬೇಡ. ಮೊದಲ ಹತ್ತು ಹನ್ನೆರಡು ಸಲ ಸುರಿದದ್ದನ್ನು ವಾಪಸ್ ಹಾಪರಿಗೇ ಹಾಕು, ಒಳಗಿನ ಮದ್ದು ಇಳಿದು ಕೂರಲಿ. ಹಾಪರಿನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡ, ಮೇಲಿನ ಭಾರ ಕಮ್ಮಿಯಾದರೆ ಕೆಳಗೆ ಬೀಳುವುದೂ ಕಮ್ಮಿಯಾಗುತ್ತದೆ. ಒಳಗೊಂದು ಅಡ್ಡತಗಡು ಇದ್ದರೆ ಈ ಕಾಟ ಎಷ್ಟೋ ತಪ್ಪುತ್ತದೆ. ಸಣ್ಣ ತೂಕಕ್ಕೆ ಮದ್ದು ಅಳೆಯುವ ಕಿರಿದಾದ ಡ್ರಮ್ ಹಾಕಬೇಕು. ರೈಫಲ್ಲಿನ ಅಗಲ ಡ್ರಮ್ಮನ್ನೇ ತಿರುಗಿಸಿ ಐದು ಗ್ರೇನಿಗೆ ತಂದರೆ ಅದು ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ, ಒಂದೊಂದು ಸಲ ಒಂದೊಂದು ತರಹ ತುಂಬುತ್ತದೆ. ಮಿಕ್ಕಿದ್ದೆಲ್ಲ ಕೈ. ಹಿಡಿಕೆಯನ್ನು ಒಂದೇ ವೇಗದಲ್ಲಿ ಎತ್ತು, ಒಂದೇ ವೇಗದಲ್ಲಿ ಇಳಿಸು. ತುದಿಯಲ್ಲಿ ಟಕ್ಕೆಂದು ತಟ್ಟುವ ಅಭ್ಯಾಸವಿದ್ದರೆ ಪ್ರತಿಸಲವೂ ತಟ್ಟು, ಇಲ್ಲದಿದ್ದರೆ ಎಂದೂ ತಟ್ಟಬೇಡ. ಇಲ್ಲಿನ ಒಣ ಚಳಿಗಾಲದಲ್ಲಿ ಪ್ಲಾಸ್ಟಿಕ್ಕಿಗೆ ಮದ್ದಿನ ಚೂರು ಮೆತ್ತಿಕೊಳ್ಳುತ್ತದೆ, ಬಟ್ಟೆ ಡ್ರೈಯರಿಗೆ ಹಾಕುವ ಹಾಳೆಯಿಂದ ಒರೆಸಿದರೆ ಸಾಕು.

ಲೆಕ್ಕದ ವಿಷಯಕ್ಕೆ ಬಂದೆ. ಹತ್ತು ಸಲ ಸುರಿದದ್ದನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುವ ಪದ್ಧತಿಯನ್ನು ನೀನೂ ಎಲ್ಲೋ ಕಲಿತಿರುತ್ತೀಯ. ಮೆಷರನ್ನು ಬೇಕಾದ ಅಂಕಿಗೆ ತಿರುಗಿಸಿ ನಿಲ್ಲಿಸಲು ಅದು ಒಳ್ಳೆಯದೇ, ತಕ್ಕಡಿಯ ಸಣ್ಣ ತಪ್ಪು ಹತ್ತರಲ್ಲಿ ಹಂಚಿಹೋಗುತ್ತದೆ. ಆದರೆ ಮೆಷರು ಒಂದೇ ಸಮ ಸುರಿಯುತ್ತಿದೆಯೇ ಅನ್ನುವುದಕ್ಕೆ ಅದು ಸಾಕ್ಷಿಯೇ ಅಲ್ಲ. ಐದು ಸಲ 4.2, ಐದು ಸಲ 4.8 ಬಿದ್ದರೂ ಸರಾಸರಿ 4.5 ಅಂತಲೇ ಬರುತ್ತದೆ. (ಇದು ಬರೀ ಕೂಡಿಕಳೆಯುವ ಲೆಕ್ಕ, ಯಾವ ತೋಟಾದ ಅಳತೆಯೂ ಅಲ್ಲ.) ನಿನ್ನ ಪಿಸ್ತೂಲಿನ ಚೇಂಬರಿಗೆ ಸರಾಸರಿ ಹೋಗುವುದಿಲ್ಲ, ಒಂದೊಂದೇ ತೋಟಾ ಹೋಗುತ್ತದೆ. ಹಾಗಾಗಿ ಮೆಷರ್ ಕೂರಿಸಿದ ಮೇಲೆ ಇಪ್ಪತ್ತು ಸಲ ಸುರಿ, ಒಂದೊಂದನ್ನೂ ಬೇರೆಯಾಗಿ ತೂಗು, ಬರೆದಿಡು. ಅತಿ ಕಮ್ಮಿಗೂ ಅತಿ ಹೆಚ್ಚಿಗೂ ಎಷ್ಟು ಅಂತರ ಅಂತ ನೋಡು. ಗ್ರೇನಿನ ಹತ್ತರಲ್ಲಿ ಒಂದು ಪಾಲು ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡ, ಮನೆಯಲ್ಲಿ ಬಳಸುವ ತಕ್ಕಡಿಗಳ ನಿಖರತೆಯೇ ಸಾಮಾನ್ಯವಾಗಿ ಅಷ್ಟು. ಅದಕ್ಕಿಂತ ಸೂಕ್ಷ್ಮವನ್ನು ಬೆನ್ನಟ್ಟಿದರೆ ತಕ್ಕಡಿಯ ನೆರಳನ್ನು ತೂಗಿದಂತಾಗುತ್ತದೆ.

ಗುರಿಗೆ ಇದರಿಂದ ಆಗುವ ಲಾಭ ಎಷ್ಟು ಅಂತ ಕೇಳುತ್ತೀಯ. ಸೆಕೆಂಡಿಗೆ 800 ಅಡಿ ಹೋಗುವ ಗುಂಡು ಒಂದು, 780 ಅಡಿ ಹೋಗುವ ಗುಂಡು ಇನ್ನೊಂದು ಅಂತಿಟ್ಟುಕೋ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 50 ಗಜದ ಹೊತ್ತಿಗೆ ಎರಡನೆಯದು ಬೀಳುವುದು ಮೊದಲನೆಯದಕ್ಕಿಂತ ಮೂರನೇ ಒಂದು ಇಂಚು ಕೆಳಗೆ. 25 ಗಜದಲ್ಲಿ ಅದೂ ಇಲ್ಲ. ನಮ್ಮ ಓಹಾಯೋದ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತದೆ, ಅಲ್ಲಿ ಒಂದೇ ಕೈಯಲ್ಲಿ 50 ಗಜಕ್ಕೆ ಪಿಸ್ತೂಲು ಹೊಡೆಯುತ್ತಾರೆ. ಆ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಮೂರೂವರೆ ಇಂಚಿಗೂ ಕಮ್ಮಿ. ಅದರ ಹೊರಗೆ ಹೋದ ಗುಂಡಿಗೆ ಮದ್ದನ್ನು ದೂರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹತ್ತರಲ್ಲಿ ಒಂಬತ್ತು ಸಲ ಅದು ಬೆರಳಿನ ತಪ್ಪು. ಯುಎಸ್‌ಪಿಎಸ್‌ಎ ಶೂಟಿಂಗ್ ಸ್ಪರ್ಧೆಗೆ ಹೋದರೆ ಮಾತ್ರ ಇನ್ನೊಂದು ಲೆಕ್ಕ ಬೇಕು: ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಅನ್ನುವ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು. ಮದ್ದು ಏರುಪೇರಾದರೆ ಅಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್ ನಿನ್ನನ್ನು ಹಿಡಿದುಹಾಕುತ್ತದೆ.

ಹಾಗಾದರೆ ಒಂದೇ ಸಮ ಬೀಳಬೇಕು ಅಂತ ಇಷ್ಟು ಪಾಡು ಯಾಕೆ? ಅಂಕಕ್ಕಲ್ಲ ಮಗಾ, ಕೈಬೆರಳು ಉಳಿಯುವುದಕ್ಕೆ. ಗ್ರೇನಿನ ಹತ್ತರಲ್ಲಿ ಒಂದು ಪಾಲು ಹೆಚ್ಚಾಯಿತೆಂದು ಪಿಸ್ತೂಲು ಸಿಡಿದದ್ದನ್ನು ನಾನು ಕೇಳಿಲ್ಲ. ಸಿಡಿಯುವುದು ಎರಡು ಸಲ ಮದ್ದು ಬಿದ್ದಾಗ. ಇಲ್ಲವೇ ಮದ್ದೇ ಬೀಳದೆ, ಬರೀ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡು, ಅದರ ಹಿಂದೆಯೇ ಇನ್ನೊಂದನ್ನು ಹೊಡೆದಾಗ. .38 ಸ್ಪೆಷಲ್ ತೋಟಾ ಬಂದದ್ದು 1898ರಲ್ಲಿ, ಕಪ್ಪುಮದ್ದಿಗೆ ಅಂತ ಮಾಡಿದ ಉದ್ದನೆಯ ಕೋಶ. ಈಗಿನ ಚುರುಕು ಮದ್ದು ಅದರ ತಳದಲ್ಲಿ ಒಂದಿಷ್ಟು ಕೂರುತ್ತದೆ. ಎರಡು ಪಾಲು ಬಿದ್ದರೂ ಕೋಶ ತುಂಬಿ ಚೆಲ್ಲುವುದಿಲ್ಲ, ಮೇಲೆ ಗುಂಡು ಕೂರಿಸಿದರೆ ಸಲೀಸಾಗಿ ಕೂರುತ್ತದೆ. ಆ ತೋಟಾಕ್ಕೆ ಇಲ್ಲಿನ ಉದ್ಯಮದವರು ಗೊತ್ತುಮಾಡಿದ ಗರಿಷ್ಠ ಒತ್ತಡ 17,000 ಪಿಎಸ್ಐ. ನಿನ್ನ 9 ಎಂಎಂನದ್ದು 35,000, ಅದರ ಕೋಶವೂ ಪುಟ್ಟದು. ಹಾಗಾಗಿ ಎರಡು ಪಾಲು ಬಿದ್ದರೆ ಚೆಲ್ಲಿಹೋಗುವಷ್ಟು ಮೈಯಿರುವ ಮದ್ದನ್ನೇ ಆರಿಸಿಕೋ. ಡಬ್ಬಿಯಲ್ಲಿ ನಾಲ್ಕು ಕಾಸು ಹೆಚ್ಚು ಹೋಗುತ್ತದೆ, ಹೋಗಲಿ.

ಕೋಶಗಳನ್ನು ಐವತ್ತು ತೂತಿನ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸು. ಮದ್ದು ಬಿದ್ದವು ಒಂದು ಕಡೆ, ಬೀಳದವು ಬೋರಲಾಗಿ ಇನ್ನೊಂದು ಕಡೆ. ಐವತ್ತೂ ಆದಮೇಲೆ ಟಾರ್ಚು ಹಿಡಿದು ಮೇಲಿಂದ ಒಂದೊಂದರ ಒಳಗೂ ನೋಡು. ಪಕ್ಕದ್ದಕ್ಕಿಂತ ಮೇಲೆ ಇರುವುದು, ಕೆಳಗೆ ಇರುವುದು ಕಣ್ಣಿಗೆ ಹೊಡೆಯುತ್ತದೆ. ಯಾವ ಯಂತ್ರವೂ ಇದಕ್ಕೆ ಸಾಟಿಯಿಲ್ಲ. ಗಂಟೆಗೆ ನಾನೂರು ತೋಟಾ ಉದುರಿಸುವ ಪ್ರೋಗ್ರೆಸಿವ್ ಪ್ರೆಸ್ ಮೇಲೆ ನಿನಗೆ ಆಸೆ ಇದೆ ಅಂತ ಗೊತ್ತು. ಒಂದು ವರ್ಷ ಬಿಟ್ಟು ತಗೋ. ಅದು ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಎಲ್ಲ ಸ್ಟೇಷನ್ನಿನ ಕೋಶಗಳನ್ನೂ ಹೊರಗೆ ತೆಗೆದು ಖಾಲಿ ಮಾಡಿ ಹೊಸದಾಗಿ ಶುರುಮಾಡಬೇಕು. ಯಾವುದಕ್ಕೆ ಬಿದ್ದಿತ್ತು ಅಂತ ನೆನಪು ಮಾಡಿಕೊಳ್ಳಲು ಹೋಗಬಾರದು.

ಇನ್ನೊಂದು. ಇಲ್ಲಿ ರಾತ್ರಿ ಒಂಬತ್ತಾದರೆ ಬೇಸಿಗೆಯಲ್ಲಿ ಊರಿನಲ್ಲಿ ಬೆಳಗಿನ ಆರೂವರೆ. ನೀನು ಬೆಂಚಿನ ಮುಂದೆ ಕೂರುವ ಹೊತ್ತೂ ನಿಮ್ಮಮ್ಮ ಕಾಫಿ ಕುಡಿದು ನಿನಗೆ ವಿಡಿಯೋ ಕಾಲ್ ಮಾಡುವ ಹೊತ್ತೂ ಒಂದೇ. ಫೋನನ್ನು ಬೇರೆ ರೂಮಿನಲ್ಲಿಡು. ರಿಂಗ್ ಕೇಳಿ ಎದ್ದು ಹೋದೆಯೋ, ಬಂದ ಮೇಲೆ ಹಲಗೆಯಲ್ಲಿರುವ ಮದ್ದನ್ನೆಲ್ಲ ಹಾಪರಿಗೆ ವಾಪಸ್ ಸುರಿದು ಮೊದಲಿಂದ ಶುರುಮಾಡು. ಬೆಂಚಿನ ಮೇಲೆ ಯಾವತ್ತೂ ಒಂದೇ ಮದ್ದಿನ ಡಬ್ಬಿ ಇರಲಿ. ಕೆಲಸ ಮುಗಿದ ಮೇಲೆ ಹಾಪರಿನಲ್ಲಿ ಬಿಡಬೇಡ, ಅದರ ಡಬ್ಬಿಗೇ ಹಾಕು. ಮರುದಿನ ಯಾವುದು ಅಂತ ಅನುಮಾನ ಬಂದ ಮದ್ದನ್ನು ಯಾವ ಡಬ್ಬಿಗೂ ಸೇರಿಸಬೇಡ, ಬಳಸಲೂ ಬೇಡ. ರೇಂಜಿನಲ್ಲಿ ಢಂ ಅನ್ನಬೇಕಾದದ್ದು ಪುಸ್ ಅಂದರೆ ಅಲ್ಲಿಗೇ ನಿಲ್ಲಿಸು. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ಪಿಸ್ತೂಲು ಖಾಲಿಮಾಡಿ, ನಳಿಗೆಯಲ್ಲಿ ಕಡ್ಡಿ ಹಾಕಿ ನೋಡದೆ ಇನ್ನೊಂದು ಹೊಡೆಯಬೇಡ. ಪಕ್ಕದವನು ನಕ್ಕರೆ ನಗಲಿ.

ಎಷ್ಟು ಗ್ರೇನ್ ಹಾಕಲಿ ಅಂತ ಮಾತ್ರ ನನ್ನನ್ನು ಕೇಳಬೇಡ. ನಾನು ಹೇಳುವುದಿಲ್ಲ, ಇನ್ಯಾರು ಹೇಳಿದರೂ ನೀನು ಕೇಳಬಾರದು. ಲೈಮನ್ನಿನವರದೋ ಮದ್ದು ತಯಾರಿಸುವ ಕಂಪನಿಯದೋ ಈಚಿನ ಪುಸ್ತಕ ಇಟ್ಟುಕೋ. ಅದರಲ್ಲಿ ಬರೆದ ಆರಂಭದ ತೂಕದಿಂದಲೇ ಶುರುಮಾಡು, ಗರಿಷ್ಠದ ಹತ್ತಿರ ನಿನಗೆ ಕೆಲಸವಿಲ್ಲ. ಡಬ್ಬಿಯ ಲಾಟ್ ನಂಬರ್ ಬದಲಾದರೆ, ಗುಂಡು ಬದಲಾದರೆ, ಪ್ರೈಮರ್ ಬದಲಾದರೆ ಮತ್ತೆ ಕೆಳಗಿಂದ ಬಾ. ಗುಂಡು ಕೂರುವ ಆಳವನ್ನೂ ಪುಸ್ತಕದಲ್ಲಿರುವ ಉದ್ದಕ್ಕೆ ಸರಿಮಾಡು. ಮದ್ದು ಅಷ್ಟೇ ಇದ್ದು ಗುಂಡು ಇನ್ನಷ್ಟು ಒಳಗೆ ಹೋದರೆ 9 ಎಂಎಂನಂಥ ಪುಟ್ಟ ಕೋಶದಲ್ಲಿ ಒತ್ತಡ ಜೋರಾಗಿ ಏರುತ್ತದೆ.

ಈ ಆಟವೆಲ್ಲ ಇಲ್ಲಿಗೆ ಮಾತ್ರ. ಊರಿಗೆ ಹೋದಾಗ ಅಣ್ಣತಮ್ಮಂದಿರ ಮುಂದೆ ವಿದ್ಯೆ ತೋರಿಸಲು ಹೋಗಬೇಡ. ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದು ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅನ್ನಬೇಡ, ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡು. ರೇಂಜಿಗೆ ಒಯ್ಯುವ ಚೀಲವನ್ನು ಊರಿನ ಪ್ರಯಾಣಕ್ಕೆ ತೆಗೆಯಲೇಬೇಡ, ಖಾಲಿ ಇದ್ದರೂ ಬೇಡ. ಜಾಕೆಟ್ಟಿನ ಜೇಬು, ಪ್ಯಾಂಟಿನ ಮಡಿಕೆ, ಶೂ ಒಳಗೆ ಎಲ್ಲ ಕೈ ಹಾಕಿ ತಡಕು. ಮೂಲೆಯಲ್ಲಿ ಉಳಿದ ಒಂದು ತೋಟಾ ಬೆಂಗಳೂರಿನ ಏರ್‌ಪೋರ್ಟಿನ ಸ್ಕ್ಯಾನರಿಗೆ ಸಿಕ್ಕಿತೋ, ಮದುವೆಗೆ ಅಂತ ಹೋದವನು ಪೊಲೀಸ್ ಠಾಣೆಯಲ್ಲಿ ಕೂರಬೇಕಾಗುತ್ತದೆ, ನಿಮ್ಮಪ್ಪ ನನಗೆ ಫೋನ್ ಮಾಡುತ್ತಾನೆ.