ಅಡುಗೆ ಅನಿಲಕ್ಕೆ ವಾಸನೆ ಇದೆ, ಮೋಸಕ್ಕೆ ಇದೆಯೇ?



ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ ಎಂದರೆ ನಂಬುವಿರಾ? "ಗ್ಯಾಸ್ ಸೋರಿದ್ರೆ ಗಬ್ಬು ನಾತ ಬರುತ್ತಲ್ಲ!" ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ಅದು ಅನಿಲದ್ದಲ್ಲ. ನಮ್ಮ ಸಿಲಿಂಡರಿನಲ್ಲಿ ಇರುವುದು ಪ್ರೋಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳ ಮಿಶ್ರಣ. ಇವು ಸೋರಿದರೂ ಮೂಗಿಗೆ ತಿಳಿಯುವುದಿಲ್ಲ. ಅದಕ್ಕೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ವಸ್ತುವನ್ನು ಬೇಕೆಂದೇ ಸ್ವಲ್ಪ ಬೆರೆಸುತ್ತಾರೆ. ಅಂದರೆ ಆ ನಾತ ಒಂದು ಎಚ್ಚರಿಕೆ ಗಂಟೆ.

ಮನೆಗೆ ಬರುವ ಎಲ್ಲ ಅಪಾಯಕ್ಕೂ ಹೀಗೆ ಯಾರೋ ಪುಣ್ಯಾತ್ಮರು ವಾಸನೆ ಬೆರೆಸಿ ಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು! ಬಟ್ಟೆ ಒಣಹಾಕುವ ತಂತಿಯಲ್ಲಿ ಹರಿಯುವ ಕರೆಂಟಿಗೆ ವಾಸನೆ ಇಲ್ಲ. ಫೋನಿನಲ್ಲಿ "ನಮಸ್ಕಾರ ಮೇಡಂ" ಎನ್ನುವ ಮೋಸಗಾರನಿಗಂತೂ ಇಲ್ಲವೇ ಇಲ್ಲ. ಅಂಥವನ್ನು ಹೇಗೆ ಗುರುತು ಹಿಡಿಯುವುದು ಎಂಬುದೇ ಈ ಲೇಖನದ ವಿಷಯ.

ಮೊದಲು ಸಿಲಿಂಡರು

ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ದ್ರವರೂಪದಲ್ಲಿ ಇರುತ್ತದೆ. ಹೊರಗೆ ಬಂದರೆ ಅದು ಸುಮಾರು 250 ಪಟ್ಟು ಹಿಗ್ಗುತ್ತದೆ. ಇನ್ನೊಂದು ಮುಖ್ಯ ಸಂಗತಿ, ಇದು ಗಾಳಿಗಿಂತ ಭಾರ. ಹೊಗೆಯ ಹಾಗೆ ಹೆಂಚಿನ ಸಂದಿಗೆ ಏರಿ ಹೋಗುವುದಿಲ್ಲ. ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡಿ, ಮೂಲೆಯಲ್ಲಿ, ಮಂಚದ ಕೆಳಗೆ ನಿಲ್ಲುತ್ತದೆ. ಹಾಗಾಗಿ ಎತ್ತರದ ಕಿಟಕಿ ಒಂದನ್ನೇ ತೆರೆದರೆ ಸಾಲದು, ಬಾಗಿಲು ತೆರೆಯಬೇಕು. ಪಕ್ಕದಲ್ಲೇ ಸೌದೆ ಒಲೆ ಉರಿಯುತ್ತಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಲ್ಲಿ ಎರಡೂ ಒಲೆ ಒಂದೇ ಕೋಣೆಯಲ್ಲಿ ಇರುವ ಮನೆಗಳೇ ಹೆಚ್ಚು.

ವಾಸನೆ ಬಂದಾಗ ಮೊದಲು ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ. ಲೈಟಿನ ಸ್ವಿಚ್ಚು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಕಿಡಿ ಹಾರಬಹುದು. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ಈ ಸಂಖ್ಯೆ ಹಗಲು ರಾತ್ರಿ ಕೆಲಸ ಮಾಡುತ್ತದೆ. ಪೈಪು ಸೋರುತ್ತಿದೆಯೋ ಇಲ್ಲವೋ ನೋಡಲು ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಸೋರಿಕೆ ಇದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವ ಧೈರ್ಯಶಾಲಿಗಳು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ. ಅವರ ಧೈರ್ಯ ಅವರಿಗೇ ಇರಲಿ!

ಸಿಲಿಂಡರಿನ ಮೇಲಿನ ಬಳೆಯನ್ನು ಹಿಡಿದುಕೊಂಡಿರುವ ಮೂರು ಪಟ್ಟಿಗಳನ್ನು ಗಮನಿಸಿದ್ದೀರಾ? ಅದರ ಒಳಮುಖದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. 'ಎ' ಎಂದರೆ ಜನವರಿಯಿಂದ ಮಾರ್ಚ್, 'ಬಿ' ಏಪ್ರಿಲ್‌ನಿಂದ ಜೂನ್, 'ಸಿ' ಜುಲೈನಿಂದ ಸೆಪ್ಟೆಂಬರ್, 'ಡಿ' ಅಕ್ಟೋಬರ್‌ನಿಂದ ಡಿಸೆಂಬರ್. 'ಬಿ 28' ಎಂದಿದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಎಂದರ್ಥ. ಅವಧಿ ಮೀರಿದ್ದನ್ನು ತಂದರೆ "ಬೇಡಣ್ಣ, ಬೇರೆ ಕೊಡಿ" ಎಂದು ವಾಪಸು ಕಳಿಸಬಹುದು, ಅದು ನಮ್ಮ ಹಕ್ಕು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಒಲೆ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ನೆಲದ ಮೇಲೆ ಒಲೆ ಇಟ್ಟು ಕೂತು ಅಡುಗೆ ಮಾಡುವ ಅಭ್ಯಾಸ ಬಿಡಿಸುವುದು ಕಷ್ಟ, ಆದರೂ ಹೇಳಿ ನೋಡಿ.

ಮೂಗಿಗೆ ಸಿಗದವು

ಬಾಣಂತಿ ಕೋಣೆಗೆ ಹಳೇ ಬಾಂಡ್ಲಿಯಲ್ಲಿ ಕೆಂಡ ತುಂಬಿ ಇಡುವುದು ನಮ್ಮ ಕಡೆ ವಾಡಿಕೆ. ಗಾಳಿ ಸೋಕಬಾರದು ಎಂದು ಕಿಟಕಿ ಸಂದಿಗೂ ಬಟ್ಟೆ ತುರುಕುತ್ತಾರೆ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣ, ವಾಸನೆ ಎರಡೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಮಲಗಿದವರು ಏಳದೇ ಇರಬಹುದು. ಅಜ್ಜಿಯರು ಬೇಜಾರು ಮಾಡಿಕೊಳ್ಳಬಾರದು, ಶಾಖ ಬೇಡ ಎಂದು ನಾನು ಹೇಳುತ್ತಿಲ್ಲ. ಕಿಟಕಿ ತೆರೆದಿರಲಿ, ಮಲಗುವ ಮುಂಚೆ ಕೆಂಡ ಹೊರಗೆ ಹೋಗಲಿ, ಅಷ್ಟೇ.

ಕರೆಂಟಿನ ವಿಷಯ ಹೇಳಹೋದರೆ ಗೋಡೆಯೇ ಸಾಲದು. ಒಂದನ್ನು ಮಾತ್ರ ಹೇಳುತ್ತೇನೆ. ಮನೆಯ ಮುಂದೆ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಬೇಡಿ. ಸೂರಿನಲ್ಲಿ ಸಿಪ್ಪೆ ಸುಲಿದ ಒಂದು ವೈರು ಆ ತಂತಿಗೆ ತಾಗಿದರೆ ಸಾಕು, ಒದ್ದೆ ಬಟ್ಟೆ, ಒದ್ದೆ ಕೈ, 230 ವೋಲ್ಟ್. ಪ್ಲಾಸ್ಟಿಕ್ ಹಗ್ಗಕ್ಕೆ ಎಷ್ಟು ಮಹಾ ದುಡ್ಡು? ಯಾರಿಗಾದರೂ ಕರೆಂಟು ಹಿಡಿದರೆ ಓಡಿಹೋಗಿ ಅವರನ್ನು ಮುಟ್ಟಬಾರದು. ಮೊದಲು ಮೇನ್ ಆರಿಸಬೇಕು. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಬೇಕು. ಬೀದಿಯಲ್ಲಿ ತಂತಿ ಹರಿದು ಬಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ.

ಔಷಧಿ ಹೊಡೆದು ಮಿಕ್ಕ ಕೀಟನಾಶಕವನ್ನು ಜ್ಯೂಸಿನ ಬಾಟಲಿಗೆ ತುಂಬಿ ಇಡುವುದನ್ನು ಇವತ್ತೇ ನಿಲ್ಲಿಸಬೇಕು. ಮೂಲ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಇದ್ದರೆ ಕಡುವಿಷ, ಆಮೇಲೆ ಹಳದಿ, ನೀಲಿ, ಹಸಿರು. ಬಾಟಲಿ ಬದಲಾದರೆ ಈ ಗುರುತೂ ಹೋಯಿತು, ಆಸ್ಪತ್ರೆಯವರಿಗೆ ತೋರಿಸಲು ಹೆಸರೂ ಹೋಯಿತು. ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡನೇ ಸಲದ ಹೆಬ್ಬೆಟ್ಟು

ಈಗ ದುಡ್ಡಿಗೆ ಬರೋಣ. ಹಿಂದೆ ಕಳ್ಳ ರಾತ್ರಿ ಹೊತ್ತು ಹೆಂಚು ತೆಗೆದು ಇಳಿಯುತ್ತಿದ್ದನಂತೆ. ಈಗಿನ ಕಳ್ಳ ಹಗಲಲ್ಲೇ ಬಂದು ನಮ್ಮ ಕೈಯಿಂದಲೇ ಬೀಗ ತೆಗೆಸುತ್ತಾನೆ.

ನಮ್ಮ ಅಜ್ಜಿಗೆ ಪಿಂಚಣಿ ಬರುತ್ತದೆ. ಬ್ಯಾಂಕು ದೂರ, ಆದ್ದರಿಂದ ಊರಿಗೆ ಬರುವ ಹೆಬ್ಬೆಟ್ಟಿನ ಯಂತ್ರದವರ ಹತ್ತಿರ ದುಡ್ಡು ಬಿಡಿಸಿಕೊಳ್ಳುತ್ತಾರೆ. ಒಂದು ಸಲ 1,000 ರೂಪಾಯಿ ಕೇಳಿ ಬೆರಳು ಒತ್ತಿದರು. "ಸರ್ವರ್ ಬರ್ತಿಲ್ಲ ಕಣಜ್ಜಿ, ಇನ್ನೊಂದ್ಸಲ ಒತ್ತು. ಬೇಗ, ಹಿಂದೆ ಜನ ಅವ್ರೆ" ಎಂದ ಆತ. ಅಜ್ಜಿ ಒತ್ತಿದರು, ದುಡ್ಡು ತಗೊಂಡರು, ಮನೆಗೆ ಬಂದರು. ಮುಂದಿನ ತಿಂಗಳು ಅಪ್ಪ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗ ಒಂದೇ ದಿನ 1,000 ರೂಪಾಯಿ ಎರಡು ಸಲ ಹೋಗಿತ್ತು. ಅಪ್ಪ ಪಾಸ್‌ಬುಕ್ ಹಿಡಿದು ಕೇಳಿದಾಗ "ಯಂತ್ರದ ತಪ್ಪು" ಎಂದು ಮಾರನೇ ದಿನ ದುಡ್ಡು ವಾಪಸು ಬಂತು. ಯಂತ್ರದ ತಪ್ಪೋ ಮನುಷ್ಯನ ತಪ್ಪೋ ದೇವರೇ ಬಲ್ಲ. ಆದರೆ ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನಾನೇ ದಡ್ಡಿ" ಎಂದು ಗೊಣಗುತ್ತಿದ್ದರು. ಅಜ್ಜಿ ದಡ್ಡಿಯಲ್ಲ. ತೆಂಗಿನಕಾಯಿ ಲೆಕ್ಕದಲ್ಲಿ ಅವರನ್ನು ಏಮಾರಿಸಿದವರು ಊರಲ್ಲಿ ಇನ್ನೂ ಹುಟ್ಟಿಲ್ಲ. ಅವರಿಗೆ ಯಂತ್ರದ ಪರದೆ ಓದಲು ಬರುವುದಿಲ್ಲ, ಅಷ್ಟೇ. ನಮಗೆ ಬರುತ್ತದೆ. ಅಜ್ಜಿಯ ಜೊತೆ ಹೋಗಿ. ಎರಡನೇ ಸಲ ಬೆರಳು ಕೇಳಿದರೆ ಮೊದಲನೆಯದರ ಚೀಟಿ ಕೇಳಿ. ಮೊದಲ ಸಲ ಆಗಲಿಲ್ಲ ಎಂದರೆ ಆಗಲಿಲ್ಲ ಎಂಬುದಕ್ಕೂ ಯಂತ್ರ ಚೀಟಿ ಕೊಡುತ್ತದೆ.

ಇನ್ನೊಂದು ಹಳೇ ಮೋಸ ಇದೆ, ರಸಾಯನಶಾಸ್ತ್ರ ಓದುವವರಿಗೆ ಇದು ಹಿಡಿಸಬಹುದು. ಪಾತ್ರೆಗೆ, ಒಡವೆಗೆ ಪಾಲಿಶ್ ಹಾಕುತ್ತೇವೆ ಎಂದು ಇಬ್ಬರು ಬರುತ್ತಾರೆ. ಮೊದಲು ಹಿತ್ತಾಳೆ ಚೊಂಬನ್ನು ಪಳಪಳ ಹೊಳೆಸಿ ತೋರಿಸುತ್ತಾರೆ. ಆಮೇಲೆ ಚಿನ್ನದ ಸರವನ್ನು ಒಂದು ದ್ರವದಲ್ಲಿ ಅದ್ದುತ್ತಾರೆ. ಚಿನ್ನ ಯಾವ ಒಂಟಿ ಆಮ್ಲಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಒಂದು ಪಾಲು ನೈಟ್ರಿಕ್ ಆಮ್ಲ, ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ 'ಆಕ್ವಾ ರೀಜಿಯಾ' ಅದನ್ನು ಕರಗಿಸುತ್ತದೆ. ಸರ ಹೊಳೆಯುತ್ತದೆ, ತೂಕ ಇಳಿದಿರುತ್ತದೆ. ಅವರು ಹೋದ ಮೇಲೆ ಆ ದ್ರವದಿಂದ ಚಿನ್ನ ತೆಗೆದುಕೊಳ್ಳುತ್ತಾರೆ. ಇನ್ನು ಕೆಲವರು ಸರವನ್ನೇ ಎಗರಿಸಿ, ಅರಿಸಿನದ ನೀರಿನ ಡಬ್ಬಿ ಕೊಟ್ಟು "ಅರ್ಧ ಗಂಟೆ ತೆಗೀಬೇಡಿ ತಾಯಿ" ಎಂದು ಹೇಳಿ ಹೋಗುತ್ತಾರೆ.

ಫೋನಿನ ಮೋಸಗಳಿಗೆ ದಿನಕ್ಕೊಂದು ವೇಷ. ಪೊಲೀಸರ ಉಡುಪು ಹಾಕಿಕೊಂಡು ವೀಡಿಯೋ ಕಾಲ್ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳುವಂತಿಲ್ಲ" ಎನ್ನುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ 'ಮನ್ ಕೀ ಬಾತ್'ನಲ್ಲಿ ಇದನ್ನು ಹೇಳಿದರು. ವಾಟ್ಸಾಪಿನಲ್ಲಿ ಮದುವೆ ಪತ್ರಿಕೆ ಎಂದು ಫೈಲು ಬರುತ್ತದೆ. ಹೆಸರಿನ ಕೊನೆಗೆ 'ಎಪಿಕೆ' ಎಂದಿದ್ದರೆ ಅದು ಪತ್ರಿಕೆಯಲ್ಲ, ಫೋನಿನೊಳಗೆ ಸೇರುವ ಆ್ಯಪು. "ನಿಮಗೆ 5,000 ರೂಪಾಯಿ ಬಂದಿದೆ, ಪಿನ್ ಒತ್ತಿ ಪಡೆಯಿರಿ" ಎಂದರೆ ನೆನಪಿಡಿ, ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕಲ್ಲ. ಒಟಿಪಿಯನ್ನಂತೂ ಬ್ಯಾಂಕಿನವರು ಫೋನು ಮಾಡಿ ಕೇಳುವುದಿಲ್ಲ.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಎರಡು ವಾಸನೆ ಹೊಡೆಯಿತು. ಒಂದು ಅವಸರ, ಇನ್ನೊಂದು ಗುಟ್ಟು. "ಬೇಗ, ಹಿಂದೆ ಜನ ಅವ್ರೆ." "ಅರ್ಧ ಗಂಟೆ ತೆಗೀಬೇಡಿ." "ಯಾರಿಗೂ ಹೇಳುವಂತಿಲ್ಲ." "ಇವತ್ತೇ ಕೊನೇ ದಿನ." ವೇಷ ಬೇರೆ ಬೇರೆ, ಮಾತು ಇದೇ. ನಾವು ಒಂದು ಗಳಿಗೆ ನಿಂತು ಪಕ್ಕದ ಮನೆಯವರನ್ನು ಕೇಳಿಬಿಟ್ಟರೆ ಅವರ ಆಟ ನಡೆಯುವುದಿಲ್ಲ. ಅದಕ್ಕೇ ಆ ಒಂದು ಗಳಿಗೆಯನ್ನು ನಮಗೆ ಕೊಡುವುದಿಲ್ಲ.

ದುಡ್ಡು ಹೋಗೇಬಿಟ್ಟರೆ? ಆಗ ಅವಸರ ನಮ್ಮದು. ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಮೋಸಗಾರರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾರೆ. ಪೂರ್ತಿ ದಾಟುವ ಮುಂಚೆ ತಿಳಿಸಿದರೆ ನಡುವೆ ತಡೆಹಿಡಿಯಲು ಸಾಧ್ಯ. ನಾಚಿಕೆಪಟ್ಟು ಎರಡು ದಿನ ಮುಚ್ಚಿಟ್ಟರೆ ಆ ಅವಕಾಶ ಹೋಗುತ್ತದೆ. ಮನೆಯಲ್ಲಿ ಬೈಯುವವರೂ ಇದನ್ನು ಯೋಚಿಸಬೇಕು. ಬೈಗುಳಕ್ಕೆ ಹೆದರಿದವರು ಬಾಯಿ ಬಿಡುವುದಿಲ್ಲ.

ಹತ್ತು ತಿಂಗಳ ಲೆಕ್ಕ

ಕೊಬ್ಬರಿ ಮಾರಿದ ಕಾಲದಲ್ಲಿ ಊರಿಗೆ ಬರುವ ಇನ್ನೊಂದು ಜಾತಿಯ ನೆಂಟರಿದ್ದಾರೆ. "10,000 ಕಟ್ಟಿ, ತಿಂಗಳಿಗೆ 1,000 ಕೊಡುತ್ತೇವೆ" ಎನ್ನುತ್ತಾರೆ. ಬ್ಯಾಂಕಿನ ಠೇವಣಿಯಲ್ಲಿ 10,000ಕ್ಕೆ ವರ್ಷಕ್ಕೆ ಆರೇಳು ನೂರರ ಆಸುಪಾಸು ಬಂದರೆ ಹೆಚ್ಚು. ಇವರು ಎಲ್ಲಿಂದ ತರುತ್ತಾರೆ? ಬನ್ನಿ, ಲೆಕ್ಕ ಮಾಡೋಣ.

ಹತ್ತು ಜನ ಕಟ್ಟಿದರೆ 1 ಲಕ್ಷ. ಆತ ಯಾವ ವ್ಯಾಪಾರವನ್ನೂ ಮಾಡುವುದಿಲ್ಲ. ತಿಂಗಳಿಗೆ 10,000 ಹಂಚುತ್ತಾನೆ. ಐದು ತಿಂಗಳಲ್ಲಿ 50,000 ಹಂಚಿದ, ಕೈಯಲ್ಲಿ ಇನ್ನೂ 50,000 ಇದೆ. ಪಡೆದವರು "ನೋಡ್ರಪ್ಪಾ, ತಪ್ಪದಂಗೆ ಬರ್ತೈತೆ" ಎಂದು ಅರಳಿಕಟ್ಟೆಯಲ್ಲಿ ಹೇಳುತ್ತಾರೆ. ಪುಕ್ಕಟೆ ಜಾಹೀರಾತು! ಅದನ್ನು ನಂಬಿ ಇನ್ನೂ 40 ಜನ ಕಟ್ಟುತ್ತಾರೆ, 4 ಲಕ್ಷ. ಈಗ ಅವನ ಕೈಯಲ್ಲಿ ನಾಲ್ಕೂವರೆ ಲಕ್ಷ. ಅವತ್ತು ರಾತ್ರಿ ಬಸ್ಸು ಹತ್ತಿದರೆ ಮುಗಿಯಿತು. ಮೊದಲಿನ ಹತ್ತು ಜನಕ್ಕೆ ಬಂದದ್ದು ಲಾಭವಲ್ಲ, ಅವರದೇ ದುಡ್ಡಿನ ಅರ್ಧ. ಅವನು ಓಡಿಹೋಗದಿದ್ದರೂ, ಹೊಸಬರು ಸೇರದ ಮೇಲೆ ಈ ಗಾಡಿ ಮುಂದೆ ಹೋಗುವುದಿಲ್ಲ.

ಬೆಂಗಳೂರಿನಲ್ಲಿ 2005ರಲ್ಲಿ ವಿನಿವಿಂಕ್, 2019ರಲ್ಲಿ ಐಎಂಎ ಮುಳುಗಿದಾಗ ಓದಿದವರು, ನೌಕರಿಯಲ್ಲಿರುವವರು, ಮಗಳ ಮದುವೆಗೆ ಕೂಡಿಟ್ಟವರು ಎಲ್ಲರೂ ಬೀದಿಗೆ ಬಂದರು. ಠೇವಣಿದಾರರ ರಕ್ಷಣೆಗೆ ಕರ್ನಾಟಕದಲ್ಲಿ 2004ರ ಕಾಯಿದೆ ಇದೆ, ಕೇಂದ್ರದ್ದು 2019ರಲ್ಲಿ ಬಂತು. ದೂರು ಕೊಡಬಹುದು. ಆದರೆ ಹೋದ ದುಡ್ಡು ಬರಲು ವರ್ಷಗಟ್ಟಲೆ ಬೇಕು, ಬಂದರೂ ಪೂರ್ತಿ ಬಂದೀತೆಂಬ ಭರವಸೆ ಇಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಅದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಇದು ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಂಘಗಳಿಗೆ ಈ ವಿಮೆ ಇಲ್ಲ. ಬೋರ್ಡು ಒಂದೇ ಥರ ಕಾಣುತ್ತದೆ, ಕೌಂಟರ್ ಒಂದೇ ಥರ ಇರುತ್ತದೆ, ಆದ್ದರಿಂದ ಕೇಳಿಯೇ ತಿಳಿಯಬೇಕು. ಸಂಘಗಳೆಲ್ಲ ಕೆಟ್ಟವು ಎಂದಲ್ಲ. ಎಲ್ಲ ದುಡ್ಡನ್ನೂ ಒಂದೇ ಕಡೆ ಇಡಬೇಡಿ ಎಂದು. ಚೀಟಿ ಹಾಕುವವರೂ ಅದು 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿ ಆಗಿದೆಯೇ ಎಂದು ಕೇಳಬೇಕು. ನಮ್ಮೂರ ಚೀಟಿಗಳು ನಂಬಿಕೆಯ ಮೇಲೆ ನಡೆಯುತ್ತವೆ, ಬಹಳ ಸಲ ಚೆನ್ನಾಗಿಯೇ ನಡೆಯುತ್ತವೆ. ಆದರೆ ಕೈಕೊಟ್ಟ ದಿನ ತೋರಿಸಲು ಒಂದು ಹಾಳೆಯೂ ಇರುವುದಿಲ್ಲ.

ಸಹಪಾಠಿಗಳಿಗೆ ಒಂದು ಕೆಲಸ. ಇವತ್ತು ಮನೆಗೆ ಹೋಗಿ ಸಿಲಿಂಡರಿನ ಅಕ್ಷರ ಮತ್ತು ಅಂಕಿ, ಗ್ಯಾಸ್ ಪೈಪು ತಂದ ವರ್ಷ, ಬಟ್ಟೆ ತಂತಿ ಯಾವುದರದ್ದು, ಅಜ್ಜಿ ತಾತನ ಪಾಸ್‌ಬುಕ್ಕಿಗೆ ಕೊನೆಯ ಎಂಟ್ರಿ ಯಾವಾಗ ಬಿದ್ದದ್ದು, ಇವಿಷ್ಟನ್ನು ನೋಡಿ ಬನ್ನಿ. 1906, 1912, 108, 1930 ಈ ನಾಲ್ಕು ಸಂಖ್ಯೆಗಳನ್ನು ಇದ್ದಿಲಿನಲ್ಲಾದರೂ ಸರಿ, ಅಡುಗೆಮನೆ ಬಾಗಿಲಿನ ಹಿಂದೆ ದಪ್ಪಕ್ಷರದಲ್ಲಿ ಬರೆಯಿರಿ. ಈ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇವೆ, ಪೆನ್ಸಿಲನ್ನು ದಾರದಲ್ಲಿ ಕಟ್ಟಿದ್ದೇವೆ. ಸೋಮವಾರದೊಳಗೆ ನೋಡಿದ್ದನ್ನು ಅದರಲ್ಲಿ ಬರೆಯಿರಿ. ಹೆಸರು ಬೇಡ, ಬೀದಿ ಸಾಕು. ಪೆನ್ಸಿಲು ಮಾತ್ರ ಅಲ್ಲೇ ಇರಲಿ.