ದೋಣಿಮನೆ ಕಲಿಸುವ ಸೋಲಾರ್ ಲೆಕ್ಕ



ಬಿಸಿಲಿನಿಂದ ವಿದ್ಯುತ್ತು ಕೊಡುವ ಸೋಲಾರ್ ಫಲಕಗಳು ಈಗ ನಮ್ಮ ಹಳ್ಳಿಗಳಿಗೆ ಹೊಸವಲ್ಲ. ತೋಟದ ಮನೆಗಳ ಮೇಲೆ, ಬೀದಿದೀಪದ ಕಂಬಗಳ ಮೇಲೆ ಅವನ್ನು ನೋಡುತ್ತೇವೆ. ಆದರೆ ಹಣ ಸುರಿದು ತಂದ ಬ್ಯಾಟರಿ ಎರಡೇ ವರ್ಷಕ್ಕೆ ಕೆಟ್ಟು, ಮನೆಯವರು ಮತ್ತೆ ಕತ್ತಲೆಯಲ್ಲಿ ಕುಳಿತಿರುವುದೂ ಉಂಟು. ಮೊದಲೇ ಲೆಕ್ಕ ಹಾಕದಿದ್ದುದೇ ಅನೇಕ ವೇಳೆ ಇದಕ್ಕೆ ಕಾರಣ. ಈ ಲೆಕ್ಕವನ್ನು ಇಂಗ್ಲೆಂಡಿನ ದೋಣಿವಾಸಿಗಳಿಂದ ಚೆನ್ನಾಗಿ ಕಲಿಯಬಹುದು.

ದೋಣಿಯೇ ಮನೆ

ಇಂಗ್ಲೆಂಡಿನಲ್ಲಿ 18ನೆಯ ಶತಮಾನದಲ್ಲಿ ಕಲ್ಲಿದ್ದಲು ಮುಂತಾದ ಸರಕು ಸಾಗಿಸಲು ಕಾಲುವೆಗಳನ್ನು ತೋಡಿದರು. ನೆಲ ಏರಿಳಿಯುವ ಕಡೆ ದೋಣಿಯನ್ನು ಮೇಲಿನ ನೀರಿಗೆ ಏರಿಸಲು, ಕೆಳಗಿನ ನೀರಿಗೆ ಇಳಿಸಲು ಬಾಗಿಲುಳ್ಳ ತೊಟ್ಟಿಗಳನ್ನು ಕಟ್ಟಿದರು. ಅನೇಕ ಕಾಲುವೆಗಳಲ್ಲಿ ಈ ತೊಟ್ಟಿಗಳ ಅಗಲ ಸುಮಾರು 7 ಅಡಿ ಮಾತ್ರ. ಆದ್ದರಿಂದ ದೋಣಿಗಳೂ 7 ಅಡಿಗಿಂತ ಕಿರಿದು. ಉದ್ದ ಮಾತ್ರ 70 ಅಡಿಯವರೆಗೂ ಉಂಟು. ಹಿಂದೆ ಕುದುರೆಗಳು ದಡದ ಮೇಲೆ ನಡೆದು ಇವನ್ನು ಎಳೆಯುತ್ತಿದ್ದವು. ಈಗ ಹೆಚ್ಚಿನವು ಡೀಸೆಲ್ ಎಂಜಿನಿನಿಂದ ಓಡುತ್ತವೆ. ಎಷ್ಟೋ ಜನ ಅವುಗಳಲ್ಲಿಯೇ ಸಂಸಾರ ಹೂಡಿದ್ದಾರೆ.

ಊರಿಂದೂರಿಗೆ ಸಾಗುವ ದೋಣಿಗೆ ವಿದ್ಯುತ್ ತಂತಿ ಎಲ್ಲಿಂದ ಬರಬೇಕು? ಅದಕ್ಕೆ ಮಾಡಿನ ಮೇಲೆ ಸೋಲಾರ್ ಫಲಕ ಹಾಸುತ್ತಾರೆ.

ಮೊದಲು ಖರ್ಚು ಬರೆಯಿರಿ

ಒಂದು ದೋಣಿಮನೆಯ ದಿನದ ಖರ್ಚನ್ನು ಉದಾಹರಣೆಗೆ ಹೀಗೆ ಹಿಡಿಯೋಣ:

5 ವ್ಯಾಟಿನ 5 ದೀಪ, 4 ಗಂಟೆ – 100 ವ್ಯಾಟ್-ಗಂಟೆ
ಸಣ್ಣ ಫ್ರಿಜ್ – 500
60 ವ್ಯಾಟಿನ ನೀರಿನ ಪಂಪು, ಅರ್ಧ ಗಂಟೆ – 30
ಫೋನುಗಳು – 20
ಒಟ್ಟು – 650 ವ್ಯಾಟ್-ಗಂಟೆ

ಸಾವಿರ ವ್ಯಾಟ್-ಗಂಟೆ ಸೇರಿದರೆ ನಾವು ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಆಗುತ್ತದೆ.

ಆಮೇಲೆ ವರಮಾನ ನೋಡಿ

ಈ ದೋಣಿಯ ಮೇಲೆ ಒಟ್ಟು 400 ವ್ಯಾಟಿನ ಫಲಕಗಳಿವೆ ಎನ್ನೋಣ. ಜೂನಿನಲ್ಲಿ ಅವು ದಿನಕ್ಕೆ ಸುಮಾರು 1600 ವ್ಯಾಟ್-ಗಂಟೆ ಕೊಟ್ಟಾವು. ಅದೇ ಫಲಕಗಳು ಡಿಸೆಂಬರಿನಲ್ಲಿ ಕೊಡುವುದು ಅದರ ಹತ್ತನೆಯ ಒಂದು ಪಾಲು, ಸುಮಾರು 160. ಏಕೆಂದರೆ ಚಳಿಗಾಲದ ನಡುವೆ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಹಗಲು 8 ಗಂಟೆಗೂ ಕಡಿಮೆ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 14 ಡಿಗ್ರಿ ಮಾತ್ರ ಮೇಲಿರುತ್ತಾನೆ. ಮೋಡವೂ ಹೆಚ್ಚು.

ಜೂನಿನ ವರಮಾನ ನೋಡಿ ಸಂಸಾರ ಹೂಡಿದವನಿಗೆ ಡಿಸೆಂಬರಿನಲ್ಲಿ ದಿನವೂ 490 ವ್ಯಾಟ್-ಗಂಟೆ ಕೊರತೆ. ಆಗ ಡೀಸೆಲ್ ಸುಟ್ಟು ಎಂಜಿನ್ ಓಡಿಸಿ ಬ್ಯಾಟರಿ ತುಂಬಬೇಕು. ತಿಳಿದವರು ಚಳಿಗಾಲದ ಲೆಕ್ಕವನ್ನು ಮೊದಲೇ ಹಾಕಿರುತ್ತಾರೆ.

ಬ್ಯಾಟರಿ ಎಂಬ ಕಣಜ

12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಹಿಡಿಸುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು; 600 ಮಾತ್ರ ನಮ್ಮದು. ಮೇಲಿಂದ ಮೇಲೆ ಬರಿದು ಮಾಡಿ ಹಾಗೆಯೇ ಬಿಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಗಟ್ಟಿ ಪದರ ಕೂತು, ಮತ್ತೆ ಪೂರ್ತಿ ತುಂಬುವುದೇ ಇಲ್ಲ. ಇದು ಬಿತ್ತನೆಯ ಬೀಜವನ್ನು ಉಂಡಂತೆ. ಲಿಥಿಯಂ ಬ್ಯಾಟರಿಯಿಂದ ಇನ್ನೂ ಹೆಚ್ಚು ಪಾಲು ತೆಗೆಯಬಹುದು. ಆದರೆ ಕೊಳ್ಳುವಾಗ ಬೆಲೆ ಹೆಚ್ಚು.

ನೆರಳು ಶತ್ರು

ಫಲಕದ ಬಿಲ್ಲೆಗಳು ಒಂದರ ಹಿಂದೊಂದು ಕೂಡಿಕೊಂಡಿವೆ. ನೀರುಗಾಲುವೆಗೆ ಒಂದು ಕಡೆ ಕಲ್ಲು ಬಿದ್ದರೆ ಮುಂದಕ್ಕೆಲ್ಲ ನೀರು ಕುಗ್ಗುವಂತೆ, ಒಂದು ಮೂಲೆಯ ನೆರಳು ಇಡೀ ಫಲಕದ ಉತ್ಪತ್ತಿಯನ್ನು ಬಹಳವಾಗಿ ತಗ್ಗಿಸಬಲ್ಲದು. ಆದ್ದರಿಂದ ದೋಣಿಯವರು ಚಳಿಗಾಲದಲ್ಲಿ ಮರಗಳಿಲ್ಲದ ದಡ ಹುಡುಕಿ ನಿಲ್ಲುತ್ತಾರೆ, ಫಲಕವನ್ನು ಸೂರ್ಯನತ್ತ ಓರೆಯಾಗಿ ಎತ್ತಿಡುತ್ತಾರೆ, ಎಲೆ ಮತ್ತು ಹಕ್ಕಿಯ ಹಿಕ್ಕೆ ಒರೆಸುತ್ತಾರೆ.

ನಮಗೆ ಇದರಿಂದ ಏನು?

ನಮ್ಮ ಅದೃಷ್ಟ ದೊಡ್ಡದು. ಡಿಸೆಂಬರಿನಲ್ಲಿಯೂ ದಾವಣಗೆರೆಯಲ್ಲಿ ಮಧ್ಯಾಹ್ನದ ಸೂರ್ಯ 50 ಡಿಗ್ರಿಗಿಂತ ಮೇಲಿರುತ್ತಾನೆ. ನಮ್ಮ ಬಡ ತಿಂಗಳುಗಳೆಂದರೆ ಮೋಡ ಕವಿದ ಮಳೆಗಾಲದವು. ಮಲೆನಾಡು, ಕರಾವಳಿಗಳಲ್ಲಂತೂ ಹೆಚ್ಚು. ಆದ್ದರಿಂದ ಫಾಲ್ಗುಣದ ಬಿಸಿಲು ನೋಡಿ ಫಲಕ ಕೊಳ್ಳಬೇಡಿ. ಆಷಾಢದ ಮೋಡ ನೆನೆದು ಕೊಳ್ಳಿ. ಫಲಕದ ಮುಖ ದಕ್ಷಿಣಕ್ಕಿರಲಿ, ತೆಂಗಿನ ಗರಿಯ ನೆರಳು ಬೀಳದಿರಲಿ.

ಮನೆಯಲ್ಲಿ ಮಾಡಿ ನೋಡಿ

1. ನಿಮ್ಮ ಮನೆಯ ದೀಪ, ಫ್ಯಾನುಗಳ ವ್ಯಾಟ್ ಎಷ್ಟು, ದಿನಕ್ಕೆ ಎಷ್ಟು ಗಂಟೆ ಉರಿಯುತ್ತವೆ? ಗುಣಿಸಿ ಕೂಡಿಸಿ.
2. ಎರಡು ದಿನ ಮೋಡವಿದ್ದರೆ ಎಷ್ಟು ಸಂಗ್ರಹ ಬೇಕು? ಸೀಸ-ಆಮ್ಲದ ಬ್ಯಾಟರಿಯಾದರೆ ಅದರ ಎರಡರಷ್ಟು ಬರೆಯಿರಿ.
3. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಾಡಿನ ಮೇಲೆ ಎಲ್ಲೆಲ್ಲಿ ನೆರಳು ಬೀಳುತ್ತದೆ?

ಶಾಲೆಗೆ ಹೋಗುವ ಮಕ್ಕಳಿಂದ ಈ ಲೆಕ್ಕ ಮಾಡಿಸಿ. ಅಂಗಡಿಗೆ ಹೋಗುವಾಗ ಆ ಚೀಟಿ ನಿಮ್ಮ ಕೈಯಲ್ಲಿರಲಿ.